ಅಂಗೈ ಆಟದ ಯಂತ್ರಗಳು: ಬಲ ಹಿರಿದೋ, ಬಾಳಿಕೆ ಹಿರಿದೋ?

ಬೇಸಿಗೆಯ ರಜೆ ಬಂದಿತೆಂದರೆ ಮಕ್ಕಳಿರುವ ಮನೆಗಳಲ್ಲಿ ಒಂದಲ್ಲ ಒಂದು ಬೇಡಿಕೆ ತಲೆಯೆತ್ತುವುದು ಹೊಸತೇನಲ್ಲ. ಹಿಂದೆ ಬುಗುರಿ, ಗೋಲಿ, ಗಾಳಿಪಟಗಳಿಗಾಗಿ ಹಟ ಹಿಡಿಯುತ್ತಿದ್ದ ಮಕ್ಕಳು ಇಂದು ಅಂಗೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮ್ ಯಂತ್ರಗಳಿಗಾಗಿ ಹಟ ಹಿಡಿಯುತ್ತಾರೆ. ಹಟ ಒಂದೇ ಆದರೂ ಬೆಲೆಯಲ್ಲಿ ಅಜಗಜಾಂತರವಿದೆ. ಬುಗುರಿ ಒಡೆದರೆ ಇನ್ನೊಂದು ಬುಗುರಿ ಬರುತ್ತಿತ್ತು. ಹತ್ತಾರು ಸಾವಿರ ರೂಪಾಯಿಗಳ ಯಂತ್ರ ಕೆಟ್ಟು ಕುಳಿತರೆ ಮನೆಯ ನೆಮ್ಮದಿಯೇ ಕೆಡುತ್ತದೆ.

ಇದನ್ನು ನಾವು ಸ್ವಂತ ಅನುಭವದಿಂದಲೇ ಬರೆಯುತ್ತಿದ್ದೇವೆ. ನಮ್ಮ ತಮ್ಮನ ಮಗ ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕಗಳನ್ನು ಪಡೆದಾಗ, ಕೊಟ್ಟ ಮಾತಿಗೆ ತಪ್ಪಬಾರದೆಂದು ತಂದೆ ಅವನಿಗೆ ಇಂಥದೊಂದು ಯಂತ್ರವನ್ನು ಕೊಡಿಸಿದ. ಬೆಲೆ 30 ಸಾವಿರ ರೂಪಾಯಿಗಳಿಗೆ ಸಮೀಪ. ಹನ್ನೊಂದು ತಿಂಗಳು ತುಂಬುವಷ್ಟರಲ್ಲಿ ಹೆಬ್ಬೆರಳಿನಿಂದ ಆಡಿಸುವ ಅದರ ಎಡಗಡೆಯ ಸ್ಟಿಕ್ ಕೆಟ್ಟಿತು. ಕೈ ಮುಟ್ಟದಿದ್ದರೂ ಪರದೆಯ ಮೇಲಿನ ಬೊಂಬೆ ತಾನಾಗಿಯೇ ಒಂದು ಕಡೆಗೆ ನಡೆಯತೊಡಗಿತು. ಕೊಂಡ ಅಂಗಡಿಗೆ ಹೋದರೆ, "ಇದು ಹೊರದೇಶದಿಂದ ತರಿಸಿದ ಸರಕು; ಇದರ ವಾರಂಟಿ ಇಲ್ಲಿ ನಡೆಯುವುದಿಲ್ಲ" ಎಂಬ ಉತ್ತರ ದೊರೆಯಿತು. ಹುಡುಗ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ತಮ್ಮನಿಗೆ ಹಣ ಹೋದ ಸಂಕಟ ಒಂದು ಕಡೆ, ಮಗನ ಮುಖ ನೋಡಲಾರದ ಸಂಕಟ ಇನ್ನೊಂದು ಕಡೆ.

ಅದೇ ವಾರ ಹಬ್ಬಕ್ಕೆಂದು ಮನೆ ಸ್ವಚ್ಛಗೊಳಿಸುವಾಗ ಹಳೆಯ ಟ್ರಂಕಿನೊಳಗಿಂದ ಒಂದು 'ಬ್ರಿಕ್ ಗೇಮ್' ಹೊರಬಿದ್ದಿತು. 1996ರ ಸುಮಾರಿಗೆ ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ನಮ್ಮ ತಮ್ಮನೇ ಹಟ ಮಾಡಿ ಕೊಂಡಿದ್ದ ಆಟಿಕೆ ಅದು. ಮೇಲಿನಿಂದ ಬೀಳುವ ಇಟ್ಟಿಗೆಗಳನ್ನು ಸಾಲಾಗಿ ಜೋಡಿಸುವ ಆಟ. ಎರಡು ಪೆನ್ಸಿಲ್ ಸೆಲ್ ಹಾಕಿ ಗುಂಡಿ ಒತ್ತಿದರೆ, ಕಿಣಿಕಿಣಿ ಸದ್ದಿನೊಂದಿಗೆ ಪರದೆ ಎಚ್ಚರಗೊಂಡಿತು! ಅಂಗಳದಲ್ಲಿ ಕುಳಿತಿದ್ದ ನಮ್ಮ ಅವ್ವ ಇದನ್ನು ಕಂಡು, "ಅಲ್ಲಪಾ, ಅಷ್ಟ್ ರೊಕ್ಕದ್ದು ಒಂದ್ ವರ್ಷ ಬಾಳಲಿಲ್ಲ. ಜಾತ್ರ್ಯಾಗಿಂದು ಇನ್ನೂ ಆಡಾಕತ್ತದಲ್ಲೋ!" ಎಂದರು. ಆ ಮಾತೇ ಈ ಲೇಖನಕ್ಕೆ ಪ್ರೇರಣೆ. ಬಲಶಾಲಿಯಾದ ಯಂತ್ರ ಬೇಗ ಕೆಡುವುದೇಕೆ? ಬಡಕಲು ಯಂತ್ರ ಬಹುಕಾಲ ಬಾಳುವುದೇಕೆ? ಹಣ ತೆರುವ ಗೃಹಸ್ಥನು ಯಾವುದನ್ನು ನೋಡಿ ಕೊಳ್ಳಬೇಕು? ಈ ಪ್ರಶ್ನೆಗಳಿಗೆ ಅಂಗೈ ಯಂತ್ರಗಳ ನಾಲ್ಕು ದಶಕಗಳ ಇತಿಹಾಸದಲ್ಲಿಯೇ ಉತ್ತರಗಳಿವೆ.

ಎರಡು ಗುಣಗಳು

ಯಾವುದೇ ಯಂತ್ರಕ್ಕೆ ಎರಡು ಗುಣಗಳುಂಟು. ಒಂದು, ಅದರ ಕಾರ್ಯಸಾಮರ್ಥ್ಯ. ಎಷ್ಟು ವೇಗ, ಎಷ್ಟು ಬಣ್ಣ, ಎಷ್ಟು ದೊಡ್ಡ ಪರದೆ ಎಂಬುದು ಇದರಲ್ಲಿ ಅಡಗಿದೆ. ಇನ್ನೊಂದು, ಅದರ ಬಾಳಿಕೆ. ಮೊದಲ ದಿನ ಮಾಡಿದ ಕೆಲಸವನ್ನು ಸಾವಿರದ ದಿನವೂ ಮಾಡುವುದೇ ಎಂಬುದು ಇದರ ಪ್ರಶ್ನೆ. ಜಾಹೀರಾತುಗಳು ಮೊದಲನೆಯ ಗುಣವನ್ನೇ ಸಾರುತ್ತವೆ. ಏಕೆಂದರೆ ಅದು ಅಂಗಡಿಯಲ್ಲಿಯೇ ಕಣ್ಣಿಗೆ ಕಾಣುತ್ತದೆ. ಎರಡನೆಯದು ಮನೆಗೆ ಬಂದ ಮೇಲೆ, ವಾರಂಟಿಯ ಅವಧಿ ಮುಗಿದ ಮೇಲೆ ಕಾಣುತ್ತದೆ. ದನದ ಸಂತೆಗೆ ಹೋದ ನಮ್ಮ ಹಿರಿಯರು ಎತ್ತಿನ ಕೊಂಬಿನ ಬಣ್ಣಕ್ಕೆ ಮರುಳಾಗದೆ ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದರು, ನಡೆಸಿ ಗೊರಸು ನೋಡುತ್ತಿದ್ದರು. ಆ ವಿವೇಕ ಇಲ್ಲಿಯೂ ಬೇಕಾಗಿದೆ.

ಪಳಗಿದ ವಸ್ತುವಿನಿಂದ ಹೊಸ ಆಟ

ಅಂಗೈ ಆಟದ ಯಂತ್ರಗಳ ಕಥೆಯಲ್ಲಿ ಮೊದಲು ನೆನೆಯಬೇಕಾದವರು ಜಪಾನಿನ ಗುನ್‌ಪೇ ಯೊಕೊಯಿ. 1889ರಲ್ಲಿ ಕ್ಯೋಟೋ ನಗರದಲ್ಲಿ ಇಸ್ಪೀಟಿನಂಥ ಎಲೆಗಳನ್ನು ತಯಾರಿಸಲು ಆರಂಭವಾದ ನಿಂಟೆಂಡೋ ಸಂಸ್ಥೆಗೆ ಅವರು 1965ರಲ್ಲಿ ಸೇರಿದ್ದು, ಎಲೆ ತಯಾರಿಸುವ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸಕ್ಕಾಗಿ. ಕೆಟ್ಟ ಯಂತ್ರವನ್ನು ಸರಿಪಡಿಸುವ ಕೈಗೆ ಯಂತ್ರ ಏಕೆ ಕೆಡುತ್ತದೆಂಬುದು ಚೆನ್ನಾಗಿ ತಿಳಿದಿರುತ್ತದೆ. ಒಮ್ಮೆ ರೈಲಿನಲ್ಲಿ ಪ್ರಯಾಣಿಸುತ್ತಿದ್ದಾಗ, ಬೇಸರಗೊಂಡ ಪ್ರಯಾಣಿಕನೊಬ್ಬ ಕ್ಯಾಲ್ಕ್ಯುಲೇಟರಿನ ಗುಂಡಿಗಳನ್ನೊತ್ತುತ್ತ ಹೊತ್ತು ಕಳೆಯುತ್ತಿದ್ದುದನ್ನು ಅವರು ಕಂಡರಂತೆ. ಅದರಿಂದ 1980ರಲ್ಲಿ 'ಗೇಮ್ ಅಂಡ್ ವಾಚ್' ಎಂಬ ಪುಟ್ಟ ಆಟದ ಯಂತ್ರ ಹುಟ್ಟಿತು. ಕ್ಯಾಲ್ಕ್ಯುಲೇಟರಿನ ಪರದೆ, ಗಡಿಯಾರದ ಬಿಲ್ಲೆ ಸೆಲ್, ಕೆಲವೇ ಗುಂಡಿಗಳು. ಇಷ್ಟರಿಂದಲೇ 4 ಕೋಟಿಗೂ ಅಧಿಕ ಯಂತ್ರಗಳು ಜಗತ್ತಿನಾದ್ಯಂತ ಮಾರಾಟವಾದವು.

ಯೊಕೊಯಿ ಅವರ ತತ್ತ್ವ ಸರಳವಾಗಿತ್ತು. ತೀರ ಹೊಸದಾದ ತಂತ್ರಜ್ಞಾನ ದುಬಾರಿ; ಅದರ ದೋಷಗಳೂ ಇನ್ನೂ ಬೆಳಕಿಗೆ ಬಂದಿರುವುದಿಲ್ಲ. ಬಳಸಿ ಬಳಸಿ ಹಳತಾದ ತಂತ್ರಜ್ಞಾನವು ಅಗ್ಗ. ಅದರ ಗುಣಾವಗುಣಗಳೆಲ್ಲ ಗೊತ್ತಾಗಿರುತ್ತವೆ. ಆದಕಾರಣ ಪಳಗಿದ ವಸ್ತುವನ್ನೇ ಹಿಡಿದು ಹೊಸ ಉಪಯೋಗವನ್ನು ಕಂಡುಹಿಡಿಯಬೇಕು ಎಂಬುದು ಅವರ ನಿಲುವು. ಮುಂದಿನ ಕಥೆಯೆಲ್ಲ ಈ ನಿಲುವಿನ ಪರೀಕ್ಷೆಯೇ ಆಗಿದೆ.

ಮೊದಲ ಪಂದ್ಯ: 1989ರಿಂದ

1989ರ ಏಪ್ರಿಲ್ ತಿಂಗಳಿನಲ್ಲಿ ನಿಂಟೆಂಡೋ 'ಗೇಮ್ ಬಾಯ್' ಎಂಬ ಯಂತ್ರವನ್ನು ಜಪಾನಿನಲ್ಲಿ ಬಿಡುಗಡೆ ಮಾಡಿತು. ಅದರ ಪರದೆಗೆ ಬಣ್ಣವಿರಲಿಲ್ಲ. ಹಸಿರು ಮಿಶ್ರಿತ ನಾಲ್ಕು ಛಾಯೆಗಳಷ್ಟೆ. ಹಿಂಬೆಳಕೂ ಇರಲಿಲ್ಲ, ಕಿಟಕಿಯ ಬಳಿಯೋ ದೀಪದ ಕೆಳಗೋ ಕುಳಿತು ಆಡಬೇಕಾಗಿತ್ತು. ಅದೇ ವರ್ಷ ಅಮೆರಿಕದ ಅಟಾರಿ ಸಂಸ್ಥೆಯ 'ಲಿಂಕ್ಸ್' ಬಂದಿತು. ಬಣ್ಣದ ಪರದೆ, ಹಿಂಬೆಳಕು, ವೇಗ ಎಲ್ಲವೂ ಅದರಲ್ಲಿದ್ದವು. 1990ರಲ್ಲಿ ಜಪಾನಿನ ಸೇಗಾ ಸಂಸ್ಥೆಯ 'ಗೇಮ್ ಗೇರ್' ಬಂದಿತು. ಅದಕ್ಕೂ ಬಣ್ಣದ ಪರದೆ. ಪಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ ಗೇಮ್ ಬಾಯ್ ಬಡವನಂತೆ ಕಾಣುತ್ತಿತ್ತು.

ಆದರೆ ಸೆಲ್ಲಿನ ಲೆಕ್ಕ ಬೇರೆಯೇ ಇತ್ತು. ಗೇಮ್ ಬಾಯ್ 4 ಪೆನ್ಸಿಲ್ ಸೆಲ್‌ಗಳ ಮೇಲೆ ಸುಮಾರು 15 ಗಂಟೆ ಆಡುತ್ತಿತ್ತು. ಲಿಂಕ್ಸ್ ಮತ್ತು ಗೇಮ್ ಗೇರ್‌ಗಳು ತಲಾ 6 ಸೆಲ್‌ಗಳನ್ನು ನುಂಗಿ, 4 ಗಂಟೆಯ ಆಸುಪಾಸಿನಲ್ಲಿ ಆರಿಹೋಗುತ್ತಿದ್ದವು. ಎರಡು ತಿಂಗಳ ರಜೆಯಲ್ಲಿ ದಿನಕ್ಕೊಂದು ಗಂಟೆಯಂತೆ ಮಗು 60 ಗಂಟೆ ಆಡಿತೆಂದು ಇಟ್ಟುಕೊಳ್ಳೋಣ. ಗೇಮ್ ಬಾಯ್‌ಗೆ 16 ಸೆಲ್‌ಗಳು ಸಾಕು. ಗೇಮ್ ಗೇರ್‌ಗೆ 90 ಸೆಲ್‌ಗಳು ಬೇಕು! ಕೊಳ್ಳುವಾಗಿನ ಬೆಲೆಯಲ್ಲಿಯೂ ವ್ಯತ್ಯಾಸವಿತ್ತು. ಅಮೆರಿಕದಲ್ಲಿ ಗೇಮ್ ಬಾಯ್‌ಗೆ ಸುಮಾರು 90 ಡಾಲರ್, ಗೇಮ್ ಗೇರ್‌ಗೆ 150, ಲಿಂಕ್ಸ್‌ಗೆ 180. ಬಣ್ಣಕ್ಕಾಗಿ ಹೆಚ್ಚು ತೆತ್ತ ತಂದೆ ಪ್ರತಿ ವಾರ ಸೆಲ್‌ಗಳಿಗಾಗಿ ಮತ್ತೆ ತೆರಬೇಕಾಗಿತ್ತು.

ಬಾಳಿಕೆಯಲ್ಲಿಯೂ ಗೇಮ್ ಬಾಯ್ ಹೆಸರು ಮಾಡಿತು. ಕೊಲ್ಲಿ ಯುದ್ಧದ ಕಾಲದಲ್ಲಿ ಅಮೆರಿಕದ ಸೈನಿಕರೊಬ್ಬರ ಗೇಮ್ ಬಾಯ್ ಬೆಂಕಿಯಲ್ಲಿ ಸಿಕ್ಕು ಹೊರಕವಚ ಕರಗಿ ಕಪ್ಪಾಯಿತು. ಆದರೂ ಅದು ನಡೆಯುತ್ತಿತ್ತು. ಅನೇಕ ವರ್ಷಗಳ ಕಾಲ ನ್ಯೂಯಾರ್ಕಿನ ನಿಂಟೆಂಡೋ ಮಳಿಗೆಯಲ್ಲಿ ಆ ಸುಟ್ಟ ಯಂತ್ರವನ್ನು ಆಟ ಓಡುತ್ತಿರುವಂತೆಯೇ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. 2023ರಲ್ಲಿ ಅದನ್ನು ಅಲ್ಲಿಂದ ತೆಗೆಯಲಾಯಿತು. 1993ರಲ್ಲಿ ರಷ್ಯದ ಗಗನಯಾತ್ರಿ ಅಲೆಕ್ಸಾಂಡರ್ ಸೆರೆಬ್ರೋವ್ ಅವರು ಒಂದು ಗೇಮ್ ಬಾಯ್ ಅನ್ನು 'ಟೆಟ್ರಿಸ್' ಆಟದೊಡನೆ ಮಿರ್ ಅಂತರಿಕ್ಷ ನಿಲ್ದಾಣಕ್ಕೆ ಒಯ್ದಿದ್ದರು. ಈ ಟೆಟ್ರಿಸ್ ಎಂಬುದು 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಜಿತ್ನೋವ್ ಅವರು ರಚಿಸಿದ ಆಟ. ನಮ್ಮ ಜಾತ್ರೆಗಳಿಗೆ ಬಂದ ಬ್ರಿಕ್ ಗೇಮ್ ಅದರದೇ ಬಡ ನಕಲು.

ಗೇಮ್ ಗೇರ್‌ನ ಗತಿ ಬೇರೆಯಾಯಿತು. ಅದರೊಳಗಿನ ಕೆಪಾಸಿಟರ್ ಎಂಬ ಸಣ್ಣ ಬಿಡಿಭಾಗಗಳು ವರ್ಷಗಳು ಕಳೆದಂತೆ ಸೋರಿ, ಧ್ವನಿ ಕುಗ್ಗಿ, ಪರದೆ ಮಸುಕಾಗುವುದು ಸಾಮಾನ್ಯ ದೂರಾಯಿತು. ಇಂದು ಹಳೆಯ ಗೇಮ್ ಗೇರ್ ಕೊಳ್ಳುವವರು ಮೊದಲು ಕೇಳುವುದು, "ಕೆಪಾಸಿಟರ್ ಬದಲಿಸಿದ್ದೀರಾ?" ಎಂದು. ಗೇಮ್ ಬಾಯ್ ದೋಷರಹಿತವೆಂದು ನಾವು ಹೇಳುವುದಿಲ್ಲ. ಹಳೆಯ ಪರದೆಗಳಲ್ಲಿ ಗೆರೆಗಳು ಮಾಯವಾಗುತ್ತವೆ. ಆಟದ ಕಾರ್ಟ್ರಿಜ್‌ನೊಳಗಿನ ಬಿಲ್ಲೆ ಸೆಲ್ ಹದಿನೈದು, ಇಪ್ಪತ್ತು ವರ್ಷಗಳಲ್ಲಿ ಬರಿದಾಗಿ, ಉಳಿಸಿಟ್ಟ ಆಟ ಅಳಿಸಿಹೋಗುತ್ತದೆ. ಆದರೆ ಇವೆಲ್ಲ ದುರಸ್ತಿಗೆ ಬಗ್ಗುವ ದೋಷಗಳು. ಗೇಮ್ ಬಾಯ್ ಮತ್ತು ಅದರ ಬಣ್ಣದ ರೂಪಗಳು ಒಟ್ಟು 11 ಕೋಟಿ 86 ಲಕ್ಷಕ್ಕೂ ಅಧಿಕವಾಗಿ ಮಾರಾಟವಾದವು. ಗೇಮ್ ಗೇರ್ ಒಂದು ಕೋಟಿಯನ್ನು ಸ್ವಲ್ಪ ದಾಟಿ ನಿಂತಿತು.

ಎರಡನೆಯ ಪಂದ್ಯ: 2004

ಹದಿನೈದು ವರ್ಷಗಳ ಅನಂತರ ಇದೇ ಪಂದ್ಯ ಹೊಸ ವೇಷದಲ್ಲಿ ಮರಳಿತು. 2004ರ ನವೆಂಬರಿನಲ್ಲಿ ಎರಡು ಪರದೆಗಳ 'ನಿಂಟೆಂಡೋ ಡಿಎಸ್', ಡಿಸೆಂಬರಿನಲ್ಲಿ ಸೋನಿ ಸಂಸ್ಥೆಯ 'ಪಿಎಸ್‌ಪಿ' ಬಂದವು. ಬಲದಲ್ಲಿ ಇವೆರಡಕ್ಕೂ ಹೋಲಿಕೆಯೇ ಇಲ್ಲ. ಡಿಎಸ್‌ನ ಕಾರ್ಯಸ್ಮೃತಿ 4 ಮೆಗಾಬೈಟ್, ಪಿಎಸ್‌ಪಿಯದು 32. ಡಿಎಸ್‌ನ ಮುಖ್ಯ ಚಿಪ್ 67 ಮೆಗಾಹರ್ಟ್ಸ್ ವೇಗದ್ದು; ಪಿಎಸ್‌ಪಿಯದು 333ರವರೆಗೆ ಓಡಬಲ್ಲದು. ಅದರಲ್ಲಿ ಸಿನಿಮಾ ನೋಡಬಹುದಿತ್ತು, ಹಾಡು ಕೇಳಬಹುದಿತ್ತು. ಅಗಲವಾದ ಸೊಗಸಾದ ಪರದೆ ಅದರದು.

ಆದರೆ ಆ ಬಲವನ್ನು ತಯಾರಕರೇ ಕಟ್ಟಿಹಾಕಬೇಕಾಯಿತು. ಆರಂಭದ ವರ್ಷಗಳಲ್ಲಿ ಆಟಗಳಿಗೆ 222 ಮೆಗಾಹರ್ಟ್ಸ್ ವೇಗವನ್ನಷ್ಟೇ ಬಿಟ್ಟುಕೊಟ್ಟಿದ್ದರು. ಬ್ಯಾಟರಿ ಬೇಗ ಬರಿದಾಗುವುದೇ ಇದರ ಮುಖ್ಯ ಕಾರಣವೆಂದು ತಿಳಿದವರು ಹೇಳುತ್ತಾರೆ. 2007ರಲ್ಲಿ ಮಾತ್ರ ಪೂರ್ಣ ವೇಗಕ್ಕೆ ಅನುಮತಿ ದೊರೆಯಿತು. ಅಷ್ಟೇ ಅಲ್ಲದೆ, ಪಿಎಸ್‌ಪಿಯ ಆಟಗಳು ಯಂತ್ರದೊಳಗೆ ಗಿರಿಗಿರಿ ತಿರುಗುವ ಪುಟ್ಟ ತಟ್ಟೆಗಳಲ್ಲಿದ್ದವು. ತಿರುಗುವ ತಟ್ಟೆಗೆ ಮೋಟಾರು ಬೇಕು, ಓದುವ ಕಿರಣ ಬೇಕು, ಅದಕ್ಕೆ ವಿದ್ಯುತ್ ಬೇಕು. ಚೀಲದಲ್ಲಿ ಕುಲುಕಾಡುವ, ಮಕ್ಕಳ ಕೈಯಿಂದ ಬೀಳುವ ಯಂತ್ರದಲ್ಲಿ ಚಲಿಸುವ ಭಾಗಗಳು ಹೆಚ್ಚಾದಷ್ಟೂ ಕೆಡುವ ಅವಕಾಶಗಳು ಹೆಚ್ಚು. 2009ರ 'ಪಿಎಸ್‌ಪಿ ಗೋ' ಮಾದರಿಯಲ್ಲಿ ಸೋನಿಯವರೇ ಆ ತಟ್ಟೆಯನ್ನು ಕೈಬಿಟ್ಟರು. ಡಿಎಸ್‌ನ ಆಟಗಳು ಅಂಚೆಚೀಟಿಯ ಗಾತ್ರದ ಬಿಲ್ಲೆಗಳಲ್ಲಿದ್ದವು. ಅಲ್ಲಿ ಅಲುಗಾಡುವುದೇನೂ ಇರಲಿಲ್ಲ. ಮಡಿಸಿದರೆ ಪರದೆಗಳೆರಡೂ ಒಳಗೆ ಸುರಕ್ಷಿತ.

ಡಿಎಸ್ ಪರಿವಾರದ ಯಂತ್ರಗಳು 15 ಕೋಟಿ 40 ಲಕ್ಷ ಮಾರಾಟವಾದರೆ, ಪಿಎಸ್‌ಪಿ ಸುಮಾರು 8 ಕೋಟಿಯಷ್ಟು ಮಾರಾಟವಾಯಿತು. ಇಲ್ಲಿ ಓದುಗರು ಒಂದು ಎಚ್ಚರಿಕೆಯನ್ನು ಗಮನಿಸಬೇಕು. ಮಾರಾಟದ ಸಂಖ್ಯೆಯೊಂದೇ ಬಾಳಿಕೆಗೆ ಸಾಕ್ಷಿಯಲ್ಲ. ಬೆಲೆ, ಆಟಗಳ ಆಕರ್ಷಣೆ, ಪ್ರಚಾರ ಎಲ್ಲವೂ ಅದರಲ್ಲಿ ಸೇರಿರುತ್ತವೆ. 2006ರ 'ಡಿಎಸ್ ಲೈಟ್' ಮಾದರಿಯ ಮಡಿಕೆಯ ಬಳಿ ಬಿರುಕು ಬಿಡುವುದು ಬಹುಜನರ ದೂರಾಗಿತ್ತು ಎಂಬುದನ್ನೂ ಮರೆಯಬಾರದು. ಅಲುಗುವ ಭಾಗ ಎಲ್ಲಿದೆಯೋ ಅಲ್ಲಿಯೇ ಸವೆತ ಎಂಬ ನಿಯಮಕ್ಕೆ ಗೆದ್ದ ಯಂತ್ರವೂ ಹೊರತಲ್ಲ.

ಗೆದ್ದವನೂ ಎಡವಿದ

ಹಾಗಾದರೆ ನಿಂಟೆಂಡೋ ಎಂಬ ಹೆಸರನ್ನು ನೋಡಿ ಕಣ್ಣು ಮುಚ್ಚಿ ಕೊಳ್ಳಬಹುದೇ? ಕೂಡದು. 2017ರ ಮಾರ್ಚ್ ತಿಂಗಳಿನಲ್ಲಿ ಬಂದ ಅವರ 'ಸ್ವಿಚ್' ಯಂತ್ರ 15 ಕೋಟಿಗೂ ಮಿಗಿಲಾಗಿ ಮಾರಾಟವಾಗಿದೆ. ಕೈಯಲ್ಲಿ ಹಿಡಿದೂ ಆಡಬಹುದು, ಟಿವಿಗೆ ಜೋಡಿಸಿಯೂ ಆಡಬಹುದು ಎಂಬುದು ಅದರ ಹೆಚ್ಚುಗಾರಿಕೆ. ಆದರೆ ಅದರ ಎರಡೂ ಬದಿಗೆ ಸಿಕ್ಕಿಸುವ 'ಜಾಯ್-ಕಾನ್' ಎಂಬ ಹಿಡಿಕೆಗಳ ಸ್ಟಿಕ್‌ಗಳು ತಾವಾಗಿಯೇ ಒಂದು ಕಡೆಗೆ ವಾಲುವ ದೋಷ ಜಗತ್ತಿನಾದ್ಯಂತ ಕಾಣಿಸಿಕೊಂಡಿತು. ಇದನ್ನು 'ಡ್ರಿಫ್ಟ್' ಎನ್ನುತ್ತಾರೆ.

ಇದರ ಕಾರಣವನ್ನು ತಿಳಿಯುವುದು ಕಷ್ಟವಲ್ಲ. ಸ್ಟಿಕ್‌ನ ಬುಡದಲ್ಲಿ ಇಂಗಾಲ ಲೇಪಿಸಿದ ಪಟ್ಟಿಯೊಂದಿರುತ್ತದೆ. ಅದರ ಮೇಲೆ ಲೋಹದ ಪುಟ್ಟ ಕಾಲು ಉಜ್ಜುತ್ತಾ ಸರಿದಾಡುತ್ತದೆ. ಕಾಲು ಎಲ್ಲಿದೆ ಎಂಬುದರ ಮೇಲೆ ವಿದ್ಯುತ್ತಿನ ಪ್ರಮಾಣ ಬದಲಾಗುತ್ತದೆ. ಅದರಿಂದ ಯಂತ್ರವು ಹೆಬ್ಬೆರಳು ಎತ್ತ ತಳ್ಳಿತೆಂದು ಅರಿಯುತ್ತದೆ. ಹಳೆಯ ರೇಡಿಯೋಗಳ ಧ್ವನಿ ಗುಂಡಿ ಸವೆದು ಕರಕರ ಎನ್ನುತ್ತಿದ್ದುದು ನಮ್ಮ ಓದುಗರಲ್ಲಿ ಹಿರಿಯರಿಗೆ ನೆನಪಿರಬಹುದು. ಇದೂ ಅದೇ ಬಗೆಯ ಸವೆತ. ಇಂಗಾಲದ ಲೇಪ ಸವೆದಂತೆ, ಧೂಳು ಕೂಡಿದಂತೆ, ಯಂತ್ರಕ್ಕೆ ತಪ್ಪು ಸುದ್ದಿ ಹೋಗುತ್ತದೆ.

2019ರ ಜುಲೈ ತಿಂಗಳಿನಲ್ಲಿ ಅಮೆರಿಕದಲ್ಲಿ ಈ ದೋಷದ ವಿರುದ್ಧ ಗ್ರಾಹಕರು ಸಾಮೂಹಿಕ ಮೊಕದ್ದಮೆ ಹೂಡಿದರು. 2020ರ ಜೂನ್‌ನಲ್ಲಿ ಸಂಸ್ಥೆಯ ಅಧ್ಯಕ್ಷ ಶುಂತಾರೋ ಫುರುಕಾವಾ ಅವರು ಗ್ರಾಹಕರಿಗಾದ ತೊಂದರೆಗೆ ಕ್ಷಮೆ ಕೋರಿದರು. 2021ರ ಜನವರಿಯಲ್ಲಿ ಯುರೋಪಿನ ಗ್ರಾಹಕ ಸಂಘಟನೆಗಳ ಒಕ್ಕೂಟ ಯುರೋಪಿಯನ್ ಆಯೋಗಕ್ಕೆ ದೂರು ಕೊಟ್ಟಿತು. ಕೊನೆಗೆ 2023ರಲ್ಲಿ, ವಾರಂಟಿಯ ಅವಧಿ ಮುಗಿದಿದ್ದರೂ ಯುರೋಪಿನ ಗ್ರಾಹಕರಿಗೆ ಈ ದೋಷವನ್ನು ಉಚಿತವಾಗಿ ಸರಿಪಡಿಸಿಕೊಡುವುದಾಗಿ ಸಂಸ್ಥೆ ಒಪ್ಪಿಕೊಂಡಿತು. ಗ್ರಾಹಕರು ಒಗ್ಗೂಡಿ ಕೇಳಿದ್ದರಿಂದ ಈ ಫಲ ದೊರೆಯಿತು. ಆದರೆ ಅಲ್ಲಿಯ ಭರವಸೆ ಇಲ್ಲಿಯ ಗ್ರಾಹಕನ ಕೈಗೆ ತಾನಾಗಿಯೇ ಬರುವುದಿಲ್ಲ.

ಉಜ್ಜಾಟವಿಲ್ಲದೆ ಅಯಸ್ಕಾಂತದ ಸೆಳೆತದಿಂದಲೇ ಸ್ಥಾನವನ್ನರಿಯುವ 'ಹಾಲ್ ಎಫೆಕ್ಟ್' ಸ್ಟಿಕ್‌ಗಳೂ ಉಂಟು. ಅವುಗಳಲ್ಲಿ ಈ ಬಗೆಯ ಸವೆತವಿಲ್ಲ. ಆದರೆ 2025ರ ಜೂನ್‌ನಲ್ಲಿ ಬಂದ 'ಸ್ವಿಚ್ 2' ಯಂತ್ರದಲ್ಲಿ ಹಾಲ್ ಎಫೆಕ್ಟ್ ಸ್ಟಿಕ್‌ಗಳಿಲ್ಲವೆಂದು ಸಂಸ್ಥೆಯ ಪ್ರತಿನಿಧಿಗಳೇ ತಿಳಿಸಿದ್ದಾರೆ.

ಇಂದಿನ ಮಲ್ಲರು

ಈಗ ಕಂಪ್ಯೂಟರನ್ನೇ ಅಂಗೈಗೆ ಇಳಿಸಿದಂಥ ಯಂತ್ರಗಳು ಬಂದಿವೆ. 2022ರ ಫೆಬ್ರವರಿಯಲ್ಲಿ ಅಮೆರಿಕದ ವಾಲ್ವ್ ಸಂಸ್ಥೆಯ 'ಸ್ಟೀಮ್ ಡೆಕ್', 2023ರಲ್ಲಿ ಆಸುಸ್ ಸಂಸ್ಥೆಯ 'ರಾಗ್ ಅಲೈ' ಮತ್ತು ಲೆನೋವೋ ಸಂಸ್ಥೆಯ 'ಲೀಜನ್ ಗೋ' ಬಂದವು. ಇವುಗಳ ಬಲ ಮೇಜಿನ ಮೇಲಿನ ಕಂಪ್ಯೂಟರಿಗೆ ಸಮೀಪವಾದುದು. ಗಾತ್ರ, ತೂಕಗಳೂ ಅದಕ್ಕೆ ತಕ್ಕಂತೆ. ಸ್ಟೀಮ್ ಡೆಕ್‌ನ ಮೊದಲ ಮಾದರಿ 669 ಗ್ರಾಂ ತೂಗುತ್ತಿತ್ತು. ಗೇಮ್ ಬಾಯ್‌ಗಿಂತ ಸುಮಾರು ಮೂರು ಪಟ್ಟು!

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ತಿಳಿದುಕೊಂಡರೆ ಯಾವ ಜಾಹೀರಾತೂ ನಮ್ಮನ್ನು ಮರುಳುಗೊಳಿಸಲಾರದು. ಬ್ಯಾಟರಿಯ ಶಕ್ತಿಯನ್ನು ವ್ಯಾಟ್-ಗಂಟೆಗಳಲ್ಲಿ ಅಳೆಯುತ್ತಾರೆ. ಅದನ್ನು ಯಂತ್ರ ಬಳಸುವ ವ್ಯಾಟ್‌ಗಳಿಂದ ಭಾಗಿಸಿದರೆ ಎಷ್ಟು ಗಂಟೆ ಆಡಬಹುದೆಂಬುದು ದೊರೆಯುತ್ತದೆ. ತೊಟ್ಟಿಯಲ್ಲಿ ಎಷ್ಟು ನೀರಿದೆ, ನಲ್ಲಿ ಎಷ್ಟು ತೆರೆದಿದೆ ಎಂಬಂತೆ. ರಾಗ್ ಅಲೈನ ಮೊದಲ ಮಾದರಿಯ ಬ್ಯಾಟರಿ 40 ವ್ಯಾಟ್-ಗಂಟೆಯದು. ಪೂರ್ಣ ಬಲಕ್ಕೆ ಬಿಟ್ಟಾಗ ಅದರ ಚಿಪ್ ಒಂದೇ 25 ವ್ಯಾಟ್ ಎಳೆಯುತ್ತಿತ್ತು. ಪರದೆ, ಫ್ಯಾನುಗಳದು ಬೇರೆ. ಭಾಗಿಸಿ ನೋಡಿದರೆ ಒಂದೂವರೆ ಗಂಟೆಯೂ ಕಷ್ಟ. ಸ್ಟೀಮ್ ಡೆಕ್‌ನ ಬ್ಯಾಟರಿಯೂ 40 ವ್ಯಾಟ್-ಗಂಟೆಯದೇ ಆಗಿತ್ತು. ಆದರೆ ಅದರ ಚಿಪ್ಪನ್ನು 15 ವ್ಯಾಟಿಗೆ ಮಿತಿಗೊಳಿಸಿದ್ದರಿಂದ ಆಟವನ್ನು ಅನುಸರಿಸಿ 2ರಿಂದ 8 ಗಂಟೆ ಎಂದು ಸಂಸ್ಥೆ ಹೇಳಿತ್ತು. ಬಲ ಕಡಿಮೆ, ಬಾಳು ಹೆಚ್ಚು.

2024ರಲ್ಲಿ ಆಸುಸ್ ತಂದ 'ಅಲೈ ಎಕ್ಸ್' ಎಂಬ ಹೊಸ ಮಾದರಿ ಈ ಪಾಠಕ್ಕೆ ಒಳ್ಳೆಯ ಸಾಕ್ಷಿಯಾಗಿದೆ. ಅದರಲ್ಲಿ ಚಿಪ್ ಮೊದಲಿನದೇ. ಬ್ಯಾಟರಿಯನ್ನು ಮಾತ್ರ 40ರಿಂದ 80 ವ್ಯಾಟ್-ಗಂಟೆಗೆ ಇಮ್ಮಡಿಗೊಳಿಸಿದರು. ವಾಲ್ವ್ ಸಂಸ್ಥೆಯೂ 2023ರ ನವೆಂಬರಿನ ಮಾದರಿಯಲ್ಲಿ ಬ್ಯಾಟರಿಯನ್ನು 50 ವ್ಯಾಟ್-ಗಂಟೆಗೆ ಏರಿಸಿ, ತೂಕವನ್ನು 640 ಗ್ರಾಂಗೆ ಇಳಿಸಿತು. ಗ್ರಾಹಕರು ಬೇಡಿದ್ದು ಇನ್ನಷ್ಟು ವೇಗವನ್ನಲ್ಲ, ಇನ್ನಷ್ಟು ಹೊತ್ತನ್ನು ಎಂಬುದು ತಯಾರಕರಿಗೂ ಮನವರಿಕೆಯಾಯಿತೆಂದು ಕಾಣುತ್ತದೆ.

ಬಲದ ಇನ್ನೊಂದು ದಂಡ ಬಿಸಿ. ರಾಗ್ ಅಲೈನಲ್ಲಿ ಮೆಮೊರಿ ಕಾರ್ಡ್ ಸಿಕ್ಕಿಸುವ ಭಾಗ ಬಿಸಿಯ ಒತ್ತಡದಲ್ಲಿ ಕೆಡಬಹುದೆಂದು 2023ರ ಜುಲೈನಲ್ಲಿ ಆಸುಸ್ ಸಂಸ್ಥೆಯೇ ಒಪ್ಪಿಕೊಳ್ಳಬೇಕಾಯಿತು. 2022ರ ಬೇಸಿಗೆಯಲ್ಲಿ ವಾಲ್ವ್ ಮತ್ತು ನಿಂಟೆಂಡೋ ಎರಡೂ ಸಂಸ್ಥೆಗಳು, 35 ಡಿಗ್ರಿಗಿಂತ ಬಿಸಿಯಾದ ಸ್ಥಳದಲ್ಲಿ ತಮ್ಮ ಯಂತ್ರಗಳನ್ನು ಬಳಸಬಾರದೆಂದು ಎಚ್ಚರಿಕೆ ನೀಡಿದವು. ಇದು ನಮಗೆ ಬಹು ಮುಖ್ಯವಾದ ಮಾತು. ಕಲಬುರಗಿ, ರಾಯಚೂರು, ಬಳ್ಳಾರಿಗಳಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ದಾಟುವುದು ಸಾಮಾನ್ಯ. ಮಕ್ಕಳಿಗೆ ರಜೆ ಇರುವುದೂ ಆಗಲೇ! ತಂಪು ದೇಶದ ಯಂತ್ರವನ್ನು ನಮ್ಮ ಬಿಸಿಲು ನಾಡಿನಲ್ಲಿ ಆಡಿಸುವಾಗ ಇದನ್ನು ನೆನಪಿಡಬೇಕು.

ದುರಸ್ತಿಯ ವಿಚಾರದಲ್ಲಿ ಸ್ಟೀಮ್ ಡೆಕ್ ಒಂದು ಒಳ್ಳೆಯ ಮೇಲ್ಪಂಕ್ತಿಯನ್ನು ಹಾಕಿತು. ಯಂತ್ರವನ್ನು ಬಿಚ್ಚುವ ಬಗೆಯನ್ನು ಸಂಸ್ಥೆಯೇ ಚಿತ್ರೀಕರಿಸಿ ತೋರಿಸಿತು. ಸ್ಟಿಕ್, ಪರದೆ, ಫ್ಯಾನು ಮೊದಲಾದ ಬಿಡಿಭಾಗಗಳು 2022ರಿಂದ ಐಫಿಕ್ಸಿಟ್ ಎಂಬ ಸಂಸ್ಥೆಯ ಮೂಲಕ ದೊರೆಯುವಂತಾದವು. ಕೆಡದ ಯಂತ್ರ ಜಗತ್ತಿನಲ್ಲಿಲ್ಲ; ಕೆಟ್ಟರೆ ಸರಿಪಡಿಸಬಹುದಾದ ಯಂತ್ರ ಮಾತ್ರ ಬಹುಕಾಲ ಬಾಳುತ್ತದೆ.

ಗೃಹಸ್ಥರು ಗಮನಿಸಬೇಕಾದುದು

ಇಷ್ಟೆಲ್ಲ ತಿಳಿದ ಮೇಲೆ, ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಕೆಲವೇ. ಮೊದಲನೆಯದಾಗಿ, ಈ ಯಂತ್ರವನ್ನು ತಯಾರಿಸಿದ ಸಂಸ್ಥೆ ಭಾರತದಲ್ಲಿ ಅಧಿಕೃತವಾಗಿ ಮಾರುತ್ತಿದೆಯೇ, ವಾರಂಟಿ ಇಲ್ಲಿ ಸಲ್ಲುವುದೇ? ಉದಾಹರಣೆಗೆ ರಾಗ್ ಅಲೈ 2023ರ ಜುಲೈನಲ್ಲಿ 69,990 ರೂಪಾಯಿಗಳಿಗೆ ಇಲ್ಲಿ ಅಧಿಕೃತವಾಗಿ ಬಿಡುಗಡೆಯಾಯಿತು. ಸ್ಟೀಮ್ ಡೆಕ್ ಹೊರಬಂದಾಗ ಅದನ್ನು ಕೊಳ್ಳಬಹುದಾದ ದೇಶಗಳ ಪಟ್ಟಿಯಲ್ಲಿ ಭಾರತವಿರಲಿಲ್ಲ. ಅಮೆರಿಕದಲ್ಲಿರುವ ಮಗನೋ ಅಳಿಯನೋ ತರುವ ಯಂತ್ರ ಅಗ್ಗವೆನಿಸಬಹುದು. ಆದರೆ ಕೆಟ್ಟರೆ ಅದು ಮತ್ತೆ ವಿಮಾನ ಹತ್ತಬೇಕಾದೀತು.

ಎರಡನೆಯದಾಗಿ, ಬೇಗ ಸವೆಯುವ ಭಾಗಗಳು ಯಾವುವು, ಅವು ಬಿಡಿಯಾಗಿ ದೊರೆಯುವುವೇ? ಸ್ಟಿಕ್, ಬ್ಯಾಟರಿ, ಮಡಿಕೆ, ಚಾರ್ಜರ್ ಸಿಕ್ಕಿಸುವ ತೂತು, ಕಾರ್ಡಿನ ತೂತು. ಈ ಐದನ್ನು ಮುಟ್ಟಿ ನೋಡಬೇಕು. ಬಳಸಿದ ಯಂತ್ರವನ್ನು ಕೊಳ್ಳುವುದಾದರೆ, ಸ್ಟಿಕ್ ಮೇಲಿನಿಂದ ಬೆರಳು ತೆಗೆದು ಐದು ನಿಮಿಷ ಸುಮ್ಮನೆ ನೋಡಬೇಕು. ಪರದೆಯ ಮೇಲಿನ ಬೊಂಬೆ ತಾನಾಗಿ ನಡೆದರೆ ಬೆಲೆಯನ್ನು ಕುರಿತು ಮಾತನಾಡುವ ಅಗತ್ಯವೇ ಇಲ್ಲ.

ಮೂರನೆಯದಾಗಿ, ಬ್ಯಾಟರಿಯ ಆರೈಕೆ. ಲಿಥಿಯಂ ಬ್ಯಾಟರಿಗೆ ಆಯುಷ್ಯವಿದೆ. ಸ್ವಿಚ್‌ನ ಬ್ಯಾಟರಿ 800 ಬಾರಿ ಚಾರ್ಜ್ ಆದ ಮೇಲೆ ಮೊದಲಿನ ಶಕ್ತಿಯ 80 ಪ್ರತಿಶತವನ್ನು ಉಳಿಸಿಕೊಳ್ಳುವಂತೆ ರೂಪಿತವಾಗಿದೆ ಎಂದು ಸಂಸ್ಥೆ ಹೇಳುತ್ತದೆ. ಪರೀಕ್ಷೆಯ ಕಾಲದಲ್ಲಿ ಯಂತ್ರವನ್ನು ಬೀರುವಿನಲ್ಲಿಟ್ಟು ಬೀಗ ಹಾಕುವ ತಾಯಂದಿರು, ಆರು ತಿಂಗಳಿಗೊಮ್ಮೆಯಾದರೂ ಚಾರ್ಜ್ ಮಾಡುವುದನ್ನು ಮರೆಯಬಾರದು. ತೀರ ಬರಿದಾದ ಬ್ಯಾಟರಿ ಮತ್ತೆ ಚೇತರಿಸಿಕೊಳ್ಳದಿರಬಹುದು. ಯಂತ್ರದ ಬೆನ್ನು ಉಬ್ಬಿದಂತೆ ಕಂಡರೆ ಅದು ಬ್ಯಾಟರಿ ಊದಿದ ಲಕ್ಷಣ. ಕೂಡಲೇ ಚಾರ್ಜ್ ಮಾಡುವುದನ್ನು ನಿಲ್ಲಿಸಿ, ಒತ್ತದೆ, ಚುಚ್ಚದೆ, ತಿಳಿದವರಿಗೆ ತೋರಿಸಬೇಕು. ಹಾಸಿಗೆಯ ಮೇಲೆ, ದಿಂಬಿನ ಕೆಳಗೆ ಇಟ್ಟು ಚಾರ್ಜ್ ಮಾಡುವುದಂತೂ ಸಲ್ಲದು. ಇನ್ನು ಸೆಲ್ ಹಾಕುವ ಹಳೆಯ ಆಟಿಕೆಗಳನ್ನು ಎತ್ತಿಡುವಾಗ ಸೆಲ್‌ಗಳನ್ನು ಹೊರತೆಗೆಯಬೇಕು. ಸೋರಿದ ಸೆಲ್ ಒಳಗಿನ ತಂತಿಗಳನ್ನೆಲ್ಲ ತಿಂದುಬಿಡುತ್ತದೆ. ನಮ್ಮ ಬ್ರಿಕ್ ಗೇಮ್ ಉಳಿದುದಕ್ಕೆ ಕಾರಣ, ಅಂದು ನಮ್ಮ ಅವ್ವ ಗೋಡೆ ಗಡಿಯಾರಕ್ಕೆಂದು ಅದರ ಸೆಲ್‌ಗಳನ್ನು ಕಿತ್ತುಕೊಂಡಿದ್ದುದೇ ಆಗಿದೆ!

ಬಲವೇ ಬೇಡವೆಂದು ನಮ್ಮ ವಾದವಲ್ಲ. ಇಂಜಿನಿಯರಿಂಗ್ ಓದುವ ಯುವಕ ಆಟಗಳನ್ನು ರಚಿಸಲು ಕಲಿಯುತ್ತಿದ್ದರೆ ಅವನಿಗೆ ಬಲವಾದ ಯಂತ್ರವೇ ಬೇಕಾದೀತು. ಆದರೆ ಪ್ರವಾಸದ ಬಸ್ಸಿನಲ್ಲಿ, ಸಂಜೆಯ ಅರ್ಧ ಗಂಟೆ ಆಡುವ ಮಗುವಿಗೆ ಸಾಧಾರಣ ಬಲದ, ಗಟ್ಟಿಮುಟ್ಟಾದ, ದುರಸ್ತಿಗೆ ಬಗ್ಗುವ ಯಂತ್ರ ಸಾಕು. ಬೇಕಾದುದಕ್ಕಿಂತ ಹೆಚ್ಚಿನ ಬಲಕ್ಕೆ ನಾವು ಮೂರು ಸಲ ಬೆಲೆ ತೆರುತ್ತೇವೆ. ಕೊಳ್ಳುವಾಗ ಹಣದಲ್ಲಿ, ಆಡುವಾಗ ಬ್ಯಾಟರಿಯಲ್ಲಿ, ಕೆಟ್ಟಾಗ ನೆಮ್ಮದಿಯಲ್ಲಿ.

ನಮ್ಮ ಮನೆಯ ಕಥೆ ಏನಾಯಿತೆಂದು ಓದುಗರು ಕೇಳಬಹುದು. ಹುಡುಗ ಹೊಸ ಯಂತ್ರ ಬೇಕೆಂದ. ತಂದೆ ಇನ್ನು ಯಾವುದೂ ಬೇಡವೆಂದ. ನಾವು ಎರಡಕ್ಕೂ ಒಪ್ಪದೆ, ಮೊಬೈಲ್ ರಿಪೇರಿ ಮಾಡುವ ಪರಿಚಿತ ತರುಣನ ಬಳಿ ಇಬ್ಬರನ್ನೂ ಕರೆದೊಯ್ದೆವು. ಅವನು ಅಂಥ ಯಂತ್ರವನ್ನು ಅದುವರೆಗೆ ಬಿಚ್ಚಿರಲಿಲ್ಲ, ಆದರೂ ಹಿಂಜರಿಯಲಿಲ್ಲ. ಸ್ಟಿಕ್ ತರಿಸಲು ಹತ್ತು ದಿನ ಹಿಡಿಯಿತು. ಭಾಗಕ್ಕೂ ಕೂಲಿಗೂ ಸೇರಿ ಸಾವಿರ ರೂಪಾಯಿಯೊಳಗೆ ಕೆಲಸ ಮುಗಿಯಿತು. ಬಿಚ್ಚುವಾಗ ಹುಡುಗ ಪಕ್ಕದಲ್ಲಿ ಕುಳಿತು ಒಂದೊಂದು ಸ್ಕ್ರೂವನ್ನೂ ಕಾಗದದ ಮೇಲೆ ಗುರುತು ಹಾಕಿ ಇಟ್ಟುಕೊಟ್ಟ. ಸವೆದ ಹಳೆಯ ಸ್ಟಿಕ್ಕನ್ನು ಮನೆಗೆ ತಂದು, ಇಂಗಾಲದ ಪಟ್ಟಿಯ ಮೇಲಿನ ಗೀರನ್ನು ಭೂತಗನ್ನಡಿಯಲ್ಲಿ ಅಜ್ಜಿಗೆ ತೋರಿಸಿದ. "ಇಷ್ಟಕ್ಕ ಅಷ್ಟ್ ಅತ್ತೆಲ್ಲೋ ತಮ್ಮಾ" ಎಂದು ಅವ್ವ ನಕ್ಕರು.

ಈಗ ಎರಡೂ ಯಂತ್ರಗಳು ಒಂದೇ ಕಪಾಟಿನಲ್ಲಿವೆ. ಹೊಸತರ ಬ್ಯಾಟರಿ ತೀರಿದಾಗ ಹುಡುಗ ಹಳೆಯದನ್ನು ಕೈಗೆತ್ತಿಕೊಳ್ಳುತ್ತಾನೆ. ಈ ರಜೆಯಲ್ಲಿ ಮಕ್ಕಳಿಗಾಗಿ ಇಂಥ ಯಂತ್ರ ಕೊಳ್ಳಲು ಹೊರಟಿರುವ ಬಂಧುಗಳು, ಅಂಗಡಿಯವನು ವೇಗದ ಮಾತು ತೆಗೆಯುವ ಮುನ್ನವೇ, "ಇದು ಕೆಟ್ಟರೆ ಎಲ್ಲಿಗೆ ತರಬೇಕು?" ಎಂಬ ಪ್ರಶ್ನೆಯನ್ನು ಕೇಳಿ ನೋಡಲಿ. ಸಿಗುವ ಉತ್ತರದಿಂದಲೇ ಮುಕ್ಕಾಲು ಪಾಲು ತೀರ್ಮಾನವಾಗುತ್ತದೆ.